ಪಟ್ಟೆ ಗಿಡದ ನಾಮಕರಣ

ಕನ್ನಡಕದಂಗಡಿಯವರ ಆ ಭಾನುವಾರ ಕೆಟ್ಟದ್ದು ಒಂದೇ ಒಂದು ಸೊಳ್ಳೆಯಿಂದ. ಅದು ಕಚ್ಚಿದ್ದಾದರೂ ಅವರನ್ನಲ್ಲ, ಅವರ ಕೆಳಮನೆಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರನ್ನು. ಬೆಳಗಿನ ಪತ್ರಿಕೆ ಓದುತ್ತಿದ್ದಾಗ, ಸರಿಯಾಗಿ ಮೂಗಿನ ತುದಿಗೆ.

ಬೇರೆಯವರಾಗಿದ್ದರೆ ಮೂಗು ಉಜ್ಜಿಕೊಂಡು ಪುಟ ತಿರುಗಿಸುತ್ತಿದ್ದರು. ಮೂವತ್ತೊಂದು ವರ್ಷ ಟಿಕೆಟಿಲ್ಲದ ಒಬ್ಬನನ್ನೂ ಬಿಡದ ಮನುಷ್ಯ, ಈ ಸೊಳ್ಳೆ ಎಲ್ಲಿ ಹತ್ತಿತು ಎಂದು ವಿಚಾರಿಸದೆ ಬಿಟ್ಟಾರೆಯೇ? ತಲೆಯೆತ್ತಿ ನೋಡಿದರು. ಮೇಲಿನ ಬಾಲ್ಕನಿಯ ಕಂಬಿಗಳ ಸಂದಿಯಿಂದ ಇಪ್ಪತ್ತಮೂರು ಕುಂಡಗಳ ಎಲೆಗಳು ಇಣುಕುತ್ತಿದ್ದವು. ಕಂಡಕ್ಟರು ಪತ್ರಿಕೆ ಮಡಚಿಟ್ಟು ಫೋನಿನ ಹತ್ತಿರ ಹೋದರು.

ಆ ಕುಂಡಗಳಲ್ಲಿದ್ದದ್ದು ಬ್ರೊಮೆಲಿಯಾಡ್, ಅನಾನಸಿನ ದಾಯಾದಿ. ಅದರ ಎಲೆಗಳು ಬುಡದಲ್ಲಿ ಕೂಡಿಕೊಂಡು ನಡುವೆ ಒಂದು ಬಟ್ಟಲಾಗುತ್ತದೆ, ಆ ಬಟ್ಟಲಲ್ಲಿ ಸದಾ ಒಂದಿಷ್ಟು ನೀರು ನಿಂತಿರಬೇಕು. ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು, ಪಕ್ಕದಲ್ಲಿ ಒಂದೆರಡು ಮರಿ ಹಾಕಿ, ತಾಯಿಗಿಡ ನಿಧಾನವಾಗಿ ಒಣಗಿಹೋಗುತ್ತದೆ. ಊರಿನಲ್ಲಿ ಈ ಗಿಡದ ಹುಚ್ಚು ಹಿಡಿದವರು ಹದಿನಾಲ್ಕು ಜನ. ತಿಂಗಳ ಮೊದಲ ಭಾನುವಾರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರಿ ಮರಿಗೆ ಮರಿ ಬದಲಾಯಿಸಿಕೊಳ್ಳುತ್ತಿದ್ದರು. ಕನ್ನಡಕದವರು ಆ ಸಂಘದ ಕಾರ್ಯದರ್ಶಿ.

ಸಂಘಕ್ಕೆ ಒಂದು ದೊಡ್ಡ ಪುಸ್ತಕವಿತ್ತು, ಆ ಪುಸ್ತಕಕ್ಕೊಂದು ನಿಯಮವಿತ್ತು. ಹೊಸ ಬಗೆಯ ಗಿಡವೊಂದು ಕಾಣಿಸಿಕೊಂಡರೆ, ಅದರ ಮೊದಲ ಮರಿಯನ್ನು ಸಭೆಯಲ್ಲಿ ಯಾರ ಕೈ ಕೊಡುತ್ತದೋ ಅವರ ಹೆಸರೇ ಗಿಡಕ್ಕೆ. 'ಇಟ್ಟುಕೊಂಡವರಿಗಲ್ಲ, ಕೊಟ್ಟವರಿಗೆ ಹೆಸರು' ಎಂಬ ಆ ವಾಕ್ಯವನ್ನು ರಚಿಸಿದವರು ಸಾಕ್ಷಾತ್ ಕನ್ನಡಕದವರೇ. ಅದನ್ನು ಬರೆದ ದಿನ ತಮ್ಮ ಬುದ್ಧಿಗೆ ತಾವೇ ತಲೆದೂಗಿದ್ದರು. ಆದರೆ ಏನು ಪ್ರಯೋಜನ? ಹಲ್ಲಿನ ಡಾಕ್ಟರಮ್ಮ ಆಗಲೇ ಎರಡು ಹೊಸ ಗಿಡ ಕೊಟ್ಟು, 'ಡಾಕ್ಟರಮ್ಮನ ಕೆಂಪು', 'ಡಾಕ್ಟರಮ್ಮನ ಚುಕ್ಕೆ' ಎಂದು ಎರಡು ಪುಟ ಹಿಡಿದು ಕೂತಿದ್ದರು. ಎರಡನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದವರು ಕಾರ್ಯದರ್ಶಿಗಳು. ಬರೆಯುವಾಗ ಅವರ ಹೊಟ್ಟೆ ಉರಿಯುತ್ತಿದ್ದುದು ಅಕ್ಷರದಲ್ಲಿ ಕಾಣುತ್ತಿರಲಿಲ್ಲ ಅಷ್ಟೇ.

ಈಗ ಅವರ ಸರದಿ ಬಂದಿತ್ತು. ಹೋದ ವರ್ಷ ಅವರ ಒಂದು ಸಾದಾ ಹಸಿರು ಗಿಡ, ಯಾರೂ ಕೇಳದೆ ಯಾರೂ ಹೇಳದೆ, ಪ್ರತಿ ಎಲೆಯ ನಡುವೆ ಹಳದಿ ಪಟ್ಟೆ ಎಳೆದುಕೊಂಡಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ಇದು ನಿಜಕ್ಕೂ ಚೆಂದವಿತ್ತು. ಕನ್ನಡಕದವರಂತೂ ಸ್ಕೇಲು ಹಿಡಿದು ತಾವೇ ಆ ಗೆರೆ ಎಳೆದವರ ಹಾಗೆ ಬೀಗುತ್ತಿದ್ದರು. ಕಣ್ಣು ಪರೀಕ್ಷೆಗೆ ಬಂದವರು ಗೋಡೆಯ ಮೇಲಿನ ಮೂರನೆಯ ಸಾಲು ಓದಿ ನಾಲ್ಕನೆಯದಕ್ಕೆ ಹೋಗುವ ಮೊದಲು ಪಟ್ಟೆಯ ಕತೆ ಕೇಳಲೇಬೇಕಿತ್ತು. ಆ ಗಿಡದ ಮೊದಲ ಮರಿ ಈ ಭಾನುವಾರ ಸಭೆಗೆ ಹೋಗಬೇಕು, ಪುಸ್ತಕದಲ್ಲಿ 'ಕನ್ನಡಕದವರ ಪಟ್ಟೆ' ಎಂದು ಏರಬೇಕು. ಇವತ್ತು ತಪ್ಪಿದರೆ ಕೆಲಸ ಕೆಟ್ಟಿತು, ಏಕೆಂದರೆ ತಮ್ಮ ಮನೆಯಲ್ಲೂ ಒಂದು ಗಿಡಕ್ಕೆ ಹಳದಿ ಗೆರೆ ಬರುತ್ತಿದೆ ಎಂದು ಡಾಕ್ಟರಮ್ಮ ಹೋದ ಸಭೆಯಲ್ಲೇ ಹೇಳಿಬಿಟ್ಟಿದ್ದರು.

ಇಷ್ಟಿರುವಾಗ ಒಂಬತ್ತು ಗಂಟೆಗೆ ಕಂಡಕ್ಟರು ಮೆಟ್ಟಿಲು ಹತ್ತಿ ಬಂದರು, ಊದಿದ ಮೂಗನ್ನು ಸಾಕ್ಷಿಯಾಗಿ ಮುಂದಿಟ್ಟುಕೊಂಡು.

"ನಿಮ್ಮ ಬಾಲ್ಕನಿಯಿಂದ ನಮ್ಮನೆಗೆ ದಿನಾ ಸರ್ವಿಸ್ ಶುರುವಾಗಿದೆ. ಆರೋಗ್ಯ ಇಲಾಖೆಗೆ ಫೋನ್ ಮಾಡಿದೀನಿ. ಎರಡು ಗಂಟೆಗೆ ಬರ್ತಾರೆ. ನೀರು ನಿಂತ ಕಡೆಯೆಲ್ಲ ಎಣ್ಣೆ ಸುರೀತಾರೆ" ಎಂದರು.

ಎಣ್ಣೆ ಎಂಬ ಮಾತು ಕೇಳಿದ್ದೇ ಕನ್ನಡಕದವರು ಗಿಡಗಳ ಕಡೆ ತಿರುಗಿದರು. ಆ ಬಟ್ಟಲಿಗೆ ಎಣ್ಣೆ ಬಿದ್ದರೆ ಗಿಡ ಒಳಗಿನಿಂದ ಕೊಳೆತುಹೋಗುತ್ತದೆ. ಹತ್ತು ವರ್ಷದ ಆರೈಕೆ ಒಂದು ಮಧ್ಯಾಹ್ನಕ್ಕೆ ಮುಗಿದುಹೋಗುತ್ತದೆ. ಕಂಡಕ್ಟರು ಕೆಳಗಿಳಿದ ಕೂಡಲೇ ಅವರು ಬಾಲ್ಕನಿಗೆ ನುಗ್ಗಿದರು. ಬಕೆಟ್ಟಿನಲ್ಲಿ ಹೆಂಡತಿ ಬಟ್ಟೆ ನೆನೆಹಾಕಿದ್ದಳು. ಬೇರೊಂದನ್ನು ಹುಡುಕುವ ವ್ಯವಧಾನವೆಲ್ಲಿ? ಒಂದೊಂದೇ ಕುಂಡವನ್ನು ಎತ್ತಿ ಕಂಬಿಯಾಚೆ ಬಗ್ಗಿಸಿದರು.

ಆ ನೀರು ಬರೀ ನೀರಲ್ಲ, ತಿಂಗಳುಗಟ್ಟಲೆ ಎಲೆ, ಧೂಳು, ಸತ್ತ ಇರುವೆಗಳು ನೆನೆದ ಕಷಾಯ. ಕೆಳಗೆ ಕಂಡಕ್ಟರ ಮನೆಯ ಬಿಳಿ ಹಾಸಿಗೆ ಬಟ್ಟೆ ಒಣಗುತ್ತಿತ್ತು. ಹದಿನೇಳನೆಯ ಕುಂಡದ ಹೊತ್ತಿಗೆ ಕಂಡಕ್ಟರು ಆ ಬಟ್ಟೆಯನ್ನು ಹಿಡಿದುಕೊಂಡು ಮತ್ತೆ ಮೇಲೆ ಬಂದರು. ಅದನ್ನು ಬಾಗಿಲಲ್ಲಿ ಹರಡಿ ನಿಂತರು. ಕನ್ನಡಕದವರ ಹೆಂಡತಿ ಒಂದು ಬಾರಿ ಬಟ್ಟೆ ನೋಡಿ, ಒಂದು ಬಾರಿ ಗಂಡನನ್ನು ನೋಡಿ, ಅದನ್ನು ಇವರೇ ಕೈಯಾರೆ ಒಗೆದು ಕೊಡುತ್ತಾರೆ ಎಂದು ತೀರ್ಪು ಕೊಟ್ಟಳು.

ಉಳಿದ ಕುಂಡಗಳೂ ಬರಿದಾದವು. ಬರಿದಾಗದೆ ಉಳಿದದ್ದು ಒಂದೇ, ಸಭೆಗೆ ಹೋಗಬೇಕಿದ್ದ ಪಟ್ಟೆ ಮರಿ. ನೀರಿಲ್ಲದ ಬಟ್ಟಲಿನ ಮರಿ ಎಂದರೆ ಗಾಜಿಲ್ಲದ ಕನ್ನಡಕ. ಡಾಕ್ಟರಮ್ಮನ ಮುಂದೆ ಅದನ್ನು ಹಾಗೆ ಇಡಲು ಅವರಿಗೆ ಮನಸ್ಸಾಗಲಿಲ್ಲ. ಇದ್ದ ನೀರಿನ ಮೇಲೆ ಇನ್ನೊಂದಿಷ್ಟು ತುಂಬಿ ಫಳಫಳ ಹೊಳೆಯುವಂತೆ ಮಾಡಿದರು. ಒಳಗೆ ಏನಾದರೂ ಇದೆಯೇ ಎಂದು ಬಗ್ಗಿ ನೋಡಿಯೂ ನೋಡಿದರು, ಏನೂ ಕಾಣಲಿಲ್ಲ. ಹತ್ತಿರದ್ದು ನೋಡಲು ಅವರಿಗೇ ಕನ್ನಡಕ ಬೇಕಾಗಿ ನಾಲ್ಕು ವರ್ಷವಾಗಿತ್ತು. ಆದರೆ ತಮ್ಮದು ಹದ್ದಿನ ಕಣ್ಣು ಎಂದು ಗಿರಾಕಿಗಳಿಗೆಲ್ಲ ಹೇಳಿಕೊಂಡು ಬಂದವರು ಹಾಕಿಕೊಳ್ಳುವುದು ಹೇಗೆ?

ಮರಿಯನ್ನು ಎಲ್ಲಿ ಬಚ್ಚಿಡುವುದು? ಗ್ರಂಥಾಲಯ ತೆರೆಯುವುದು ಮೂರೂವರೆಗೆ. ಮನೆಯಲ್ಲಿಟ್ಟರೆ ಸಿಕ್ಕಿಬೀಳುತ್ತದೆ. ಆಗ ಅವರಿಗೆ ಹೊಳೆಯಿತು ನೋಡಿ ಒಂದು ಉಪಾಯ. ಪೊಲೀಸರು ಊರೆಲ್ಲ ಹುಡುಕಬಹುದು, ದೂರು ಕೊಟ್ಟವನ ಮನೆ ಹುಡುಕುತ್ತಾರೆಯೇ?

ಕಂಡಕ್ಟರು ಇಲಾಖೆಯವರನ್ನು ಎದುರುಗೊಳ್ಳಲು ರಸ್ತೆಯ ತಿರುವಿಗೆ ಹೋಗಿದ್ದರು. ಕನ್ನಡಕದವರ ಹೆಂಡತಿ ಮರಿಯನ್ನು ಸೆರಗಿನ ಮರೆಯಲ್ಲಿ ಕೆಳಗೊಯ್ದು, ಸಂಜೆ ಗ್ರಂಥಾಲಯದಲ್ಲಿ ಕೊಡಬೇಕಾದ ಗಿಡ, ಅಲ್ಲಿಯವರೆಗೆ ಇರಲಿ ಎಂದು ಕಂಡಕ್ಟರ ಹೆಂಡತಿಗೆ ಒಪ್ಪಿಸಿ ಬಂದಳು. ಆ ಮಹಾತಾಯಿ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಪ್ರೀತಿಯಿಂದ ಇಟ್ಟರು. ತಮ್ಮ ತಲೆ ಎಂಥ ತಲೆ ಎಂದು ಕನ್ನಡಕದವರು ಆಗ ಹೆಂಡತಿಗೆ ಎರಡು ಸಲ ಹೇಳಿದರು.

ಎರಡು ಗಂಟೆಗೆ ಆರೋಗ್ಯ ನಿರೀಕ್ಷಕಿ ಬಂದಳು. ಚಿಕ್ಕ ವಯಸ್ಸು, ಕೈಯಲ್ಲೊಂದು ಟಾರ್ಚು, ಮುಖದಲ್ಲಿ ನಗುವಿನ ಸುಳಿವಿಲ್ಲ. ಇಪ್ಪತ್ತೆರಡು ಕುಂಡಗಳಿಗೂ ಬೆಳಕು ಬಿಟ್ಟು ನೋಡಿ, ಒಣಗಿವೆ ಎಂದು ಬರೆದುಕೊಂಡು ಇಳಿದುಹೋದಳು. ಕನ್ನಡಕದವರು ಗೆದ್ದ ಸಂಭ್ರಮದಲ್ಲಿ ಹಾಸಿಗೆ ಬಟ್ಟೆ ಒಗೆಯಲು ಬಚ್ಚಲಿಗೆ ಹೋದರು. ಮೂರು ಸಲ ಸೋಪು ಹಚ್ಚಿದರೂ ಕಷಾಯದ ಬಣ್ಣ ಬಿಡಲೊಲ್ಲದು. ಇವರೂ ಬಿಡಲಿಲ್ಲ, ಹಾಡು ಗುನುಗುತ್ತಾ ಉಜ್ಜಿದರು, ಆ ಸಡಗರದಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ.

ಹೆಂಡತಿ ಬಂದು ಬಚ್ಚಲ ಬಾಗಿಲು ಬಡಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಕೆಳಗೆ ನಡೆದದ್ದು ಅವಳಿಗೂ ಆಗಷ್ಟೇ ಗೊತ್ತಾಗಿತ್ತು. ನಿರೀಕ್ಷಕಿ ಬೀದಿಯ ಮನೆಗಳನ್ನೆಲ್ಲ ಮುಗಿಸಿ, ಕೊನೆಗೆ ದೂರು ಕೊಟ್ಟವರ ಮನೆಯನ್ನೂ ನೋಡೇ ಹೋಗುವುದು ಕ್ರಮ ಎಂದು ಒಳಗೆ ಬಂದಳಂತೆ. ಕಿಟಕಿಯ ಮರಿಗೆ ಟಾರ್ಚು ಬಿಟ್ಟಳಂತೆ. ಬಟ್ಟಲಲ್ಲಿ ಸೊಳ್ಳೆಮರಿಗಳು ಶಾಲೆ ಬಿಟ್ಟ ಮಕ್ಕಳ ಹಾಗೆ ಕುಣಿಯುತ್ತಿದ್ದವಂತೆ. ಇದು ನಮ್ಮದಲ್ಲ, ಮೇಲಿನವರದ್ದು ಎಂದು ಕಂಡಕ್ಟರು ಎಷ್ಟು ಹೇಳಿದರೂ ಅವಳು ಕೇಳಲಿಲ್ಲ, ಸಿಕ್ಕಿಬಿದ್ದವರೆಲ್ಲ ಹಾಗೇ ಹೇಳುವುದು ಎಂದಳಂತೆ. ಟಿಕೆಟಿಲ್ಲದವರಿಗೆ ಇದೇ ಮಾತನ್ನು ಮೂವತ್ತೊಂದು ವರ್ಷ ಹೇಳಿದ್ದ ಕಂಡಕ್ಟರಿಗೆ ಬಾಯಿ ಕಟ್ಟಿಹೋಯಿತು. ಕೊನೆಗೆ ಅವರ ಹೆಂಡತಿ, ಈ ಗಿಡವನ್ನು ಇವತ್ತೇ ಗ್ರಂಥಾಲಯದಲ್ಲಿ ಕೊಡಬೇಕಾಗಿದೆ ಎಂದರಂತೆ. ಹಾಗಾದರೆ ನೀರು ಚೆಲ್ಲಿ, ನನ್ನ ಎದುರಿಗೇ ಕೊಟ್ಟುಬಿಡಿ, ಇಲ್ಲದಿದ್ದರೆ ಬಾಗಿಲಿಗೆ ನೋಟಿಸು ಎಂದು ನಿರೀಕ್ಷಕಿ ಕಂಡಕ್ಟರನ್ನು ಕರೆದುಕೊಂಡೇ ಹೋಗಿದ್ದಳು.

ಕನ್ನಡಕದವರು ಮೊಣಕಾಲವರೆಗೆ ಒದ್ದೆಯಾದ ಪ್ಯಾಂಟಿನಲ್ಲೇ ಓಡಿದರು. ಕೋಣೆಯ ಬಾಗಿಲು ತಳ್ಳಿದಾಗ ಚಪ್ಪಾಳೆ ಮುಗಿಯುತ್ತಿತ್ತು. ಪಟ್ಟೆ ಮರಿ ಡಾಕ್ಟರಮ್ಮನ ಕೈಯಲ್ಲಿತ್ತು. ಡಾಕ್ಟರಮ್ಮನ ಕೆಂಪು ಮರಿ ಕಂಡಕ್ಟರ ಕೈಯಲ್ಲಿತ್ತು. ಉಳಿದ ಹನ್ನೆರಡು ಜನ ಅವರಿಬ್ಬರ ಸುತ್ತ ನಿಂತು, ಇಂಥ ಪಟ್ಟೆ ಕಂಡೇ ಇಲ್ಲ ಎನ್ನುತ್ತಿದ್ದರು.

"ಬಂದ್ರಾ ಕಾರ್ಯದರ್ಶಿಗಳೇ. ಪುಸ್ತಕ ತೆಗೀರಿ. ಮೊದಲ ಮರಿ ಕೊಟ್ಟೋರು ಇವರು" ಎಂದರು ಡಾಕ್ಟರಮ್ಮ.

"ಅದು... ಆ ಗಿಡ..." ಎಂದು ಕನ್ನಡಕದವರು ಬಾಯಿ ತೆರೆದರು.

ನಿರೀಕ್ಷಕಿ ಪೆನ್ನು ತೆಗೆದಳು. "ಇವರೂ ಮೇಲಿನವರದ್ದು ಅಂತಿದ್ರು. ನಿಜವಾಗ್ಲೂ ಯಾರದ್ದು ಹೇಳಿ. ಹುಳ ಇದ್ದಿದ್ದನ್ನ ಬಚ್ಚಿಟ್ಟಿದ್ದು ಅಂತಾದ್ರೆ ಅವರ ಮನೇಲಿರೋ ಅಷ್ಟೂ ಕುಂಡಕ್ಕೆ ಮೂರು ತಿಂಗಳು ವಾರಾವಾರ ಎಣ್ಣೆ ಹಾಕಿಸ್ತೀನಿ."

ಕನ್ನಡಕದವರಿಗಿದು ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದು ಕಡೆ ತಮ್ಮ ಹೆಸರು, ಇನ್ನೊಂದು ಕಡೆ ಬಾಲ್ಕನಿಯಲ್ಲಿ ಬಾಯಾರಿ ನಿಂತ ಇಪ್ಪತ್ತೆರಡು ಗಿಡಗಳು. ಅವುಗಳಲ್ಲಿ ಒಂದೊಂದನ್ನೂ ಯಾವ ವರ್ಷ ಯಾರಿಂದ ತಂದದ್ದು ಎಂದು ಅವರು ನಿದ್ದೆಯಲ್ಲೂ ಹೇಳಬಲ್ಲರು. ಅವರಿಗೆ ಅಳು ಬಂದಿತ್ತು. ನಿಧಾನವಾಗಿ ಕುರ್ಚಿ ಎಳೆದುಕೊಂಡು, ಪುಸ್ತಕ ಬಿಡಿಸಿ, ಮುತ್ತಿನಂಥ ಅಕ್ಷರದಲ್ಲಿ 'ಕಂಡಕ್ಟರ್ ಪಟ್ಟೆ' ಎಂದು ಬರೆದರು. ಕೆಳಗೆ ಕಾರ್ಯದರ್ಶಿಯ ರುಜು ಹಾಕಿದರು. ನಿರೀಕ್ಷಕಿ ಅದನ್ನು ಓದಿಕೊಂಡು, ತೃಪ್ತಳಾಗಿ ಹೊರಟುಹೋದಳು.

ಇಬ್ಬರೂ ಮನೆಯ ಕಡೆ ಒಟ್ಟಿಗೇ ನಡೆದರು, ದಾರಿ ಒಂದೇ ಆದ್ದರಿಂದ ಬೇರೆ ಉಪಾಯವಿರಲಿಲ್ಲ. ಕಂಡಕ್ಟರು ಕೆಂಪು ಮರಿಯನ್ನು ಎರಡೂ ಕೈಯಲ್ಲಿ ಹಿಡಿದು, ಎದುರು ಬಂದವರಿಗೆಲ್ಲ ಕಾಣುವ ಹಾಗೆ ಎತ್ತಿಕೊಂಡಿದ್ದರು. ಮೂಗಿನ ಊತ ಇಳಿದಿತ್ತು, ಎದೆ ಮಾತ್ರ ಎರಡು ಅಂಗುಲ ಉಬ್ಬಿತ್ತು.

"ಮೂವತ್ತೊಂದು ವರ್ಷ ದುಡಿದೆ. ಒಂದು ಸ್ಟಾಪಿಗೂ ನನ್ನ ಹೆಸರು ಇಡಲಿಲ್ಲ ನೋಡಿ" ಎಂದರು.

ಮೆಟ್ಟಿಲ ಹತ್ತಿರ ಬಂದಾಗ ಕಂಡಕ್ಟರು ನಿಂತರು. ಸ್ವಲ್ಪ ಸಂಕೋಚದಿಂದಲೇ ದನಿ ತಗ್ಗಿಸಿದರು.

"ನನ್ನನ್ನೂ ಮೆಂಬರ್ ಮಾಡಿಕೊಂಡ್ರು. ಮುಂದಿನ ತಿಂಗಳು ಭಾಷಣ ಮಾಡಬೇಕಂತೆ, ಆ ಪಟ್ಟೆ ಹೇಗೆ ಬೆಳೆಸಿದೆ ಅಂತ. ನಂಗೇನು ಗೊತ್ತು? ನೀವು ಸ್ವಲ್ಪ ಬರೆದುಕೊಡ್ತೀರಾ?"

ಕನ್ನಡಕದವರು ಅವರನ್ನು ದಿಟ್ಟಿಸಿ ನೋಡಿದರು. ಹೇಳಬೇಕಾದ ನೂರು ಮಾತುಗಳು ನಾಲಿಗೆಯ ತುದಿಗೆ ಬಂದು ನಿಂತವು. ಆದರೆ ಆ ಪಟ್ಟೆಯ ಕತೆಯನ್ನು ಪೂರ್ತಿ ಹೇಳಿ ಎಂದು ಅವರನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಎಷ್ಟು ಪುಟ ಬೇಕು?" ಎಂದರು.