ಏಳು ವರ್ಷ ಬದಲಿಸದ ಫಿಲ್ಟರ್

ನಾನು ನಿಂತಿದ್ದದ್ದು ಹರಪನಹಳ್ಳಿ ಬಸ್ ನಿಲ್ದಾಣದ ಹಿಂದಿನ ರಸ್ತೆಯ ಗ್ಯಾರೇಜಿನಲ್ಲಿ, ನನ್ನದೇ ಕಾರಿನ ಎಡ ಮುಂಬಾಗಿಲಿನಿಂದ ಎರಡು ಹೆಜ್ಜೆ ದೂರದಲ್ಲಿ. ಮಂಗಳವಾರ, ಬೆಳಗಿನ ಹತ್ತೂಮುಕ್ಕಾಲು. ಇಷ್ಟು ಕರಾರುವಾಕ್ಕಾಗಿ ಹೇಳಲು ಕಾರಣವಿದೆ. ಮನುಷ್ಯ ತನಗೆ ಅವಮಾನವಾದ ಜಾಗವನ್ನು ಬೇಗ ಮಸುಕು ಮಾಡಿಕೊಳ್ಳುತ್ತಾನೆ. ವರ್ಷ ಕಳೆಯುವಷ್ಟರಲ್ಲಿ ತಪ್ಪು ಇನ್ನೊಬ್ಬರದಾಗಿರುತ್ತದೆ. ನಾನೂ ಆ ಪೈಕಿಯವನೇ ಆದ್ದರಿಂದ, ನೆನಪು ಕೈಕೊಡುವ ಮೊದಲೇ ಬರೆದಿಡುತ್ತಿದ್ದೇನೆ.

ಕಾರಿನ ಎಸಿ ಸದ್ದು ಮಾಡುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ನಮ್ಮಲ್ಲಿ ಹಾಗಿರುವ ಮನುಷ್ಯರೂ ಇದ್ದಾರೆ, ಅದಕ್ಕೇ ಬಹಳ ದಿನ ನನಗೆ ಅದು ದೋಷವೆನಿಸಿರಲಿಲ್ಲ. ಮೆಕ್ಯಾನಿಕ್ ಖಾಜಾಸಾಬ ಬಗ್ಗಿ ನೋಡಿ ಕೇಳಿದ: “ಸಾರ್, ಎಸಿ ಫಿಲ್ಟರ್ ಯಾವಾಗ ಹಾಕ್ಸೀರಿ?”

“ಎಸಿಗೂ ಒಂದು ಫಿಲ್ಟರ್ ಇರತೈತೇನು?”

ಅವನು ತಲೆ ಎತ್ತಿದ. ಎಂಟನೇ ತರಗತಿಯಲ್ಲಿ ನನ್ನ ಹತ್ತಿರವೇ ವಿಜ್ಞಾನ ಓದಿದವನು. “ಮೂಗಿನಾಗಿನ ಕೂದಲು ಧೂಳು ತಡೀತಾವು ಅಂತ ಹೇಳಿಕೊಟ್ಟೋರು ನೀವ ಅಲ್ರೀ ಸಾರ್? ನಾ ತಪ್ಪು ಬರ್ದೆ ಅಂತ ಕಿವಿ ಹಿಂಡಿದ್ರಿ.”

ಹಿಂಡಿದ್ದು ನಿಜ. ಮೂವತ್ತೊಂದು ವರ್ಷ ನಾನು ಉಸಿರಾಟದ ಪಾಠ ಮಾಡಿದ್ದೇನೆ.

ಖಾಜಾಸಾಬ ಎಡ ಸೀಟಿನ ಮುಂದಿನ ಡಬ್ಬಿ ತೆರೆದು, ಒಳಗಿದ್ದ ಕಾರಿನ ಕೈಪಿಡಿಯನ್ನು ನನ್ನ ಕೈಗೆ ಕೊಟ್ಟ. ಏಳು ವರ್ಷದ ಹಿಂದೆ ಕಾರು ಕೊಂಡಾಗ ಅದಕ್ಕೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ನಾನು ಬಿಚ್ಚಿರಲಿಲ್ಲ. ಡಬ್ಬಿಯ ಎರಡೂ ಪಕ್ಕವನ್ನು ಅವನು ಒಳಕ್ಕೆ ಒತ್ತಿದ, ಅದು ಕೆಳಗೆ ಜೋತುಬಿತ್ತು. ಹಿಂದೆ ಅಂಗೈ ಅಗಲದ ಒಂದು ಮುಚ್ಚಳ. ಸ್ಪ್ಯಾನರ್ ಬೇಕಿಲ್ಲ, ಸ್ಕ್ರೂಡ್ರೈವರ್ ಬೇಕಿಲ್ಲ. ಅಷ್ಟು ಹೊತ್ತಿಗೆ ನನ್ನ ಹೆಂಡತಿ ಶಾರದ ಕೊಟ್ಟೂರಿನ ಬಸ್ಸಿಳಿದ ನನ್ನ ಅಕ್ಕ ಬಸಮ್ಮನನ್ನು ಕರೆದುಕೊಂಡು ಗ್ಯಾರೇಜಿಗೇ ಬಂದಳು. ಮನೆಯ ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಅಕ್ಕನ ವಿಷಯ ಇಲ್ಲಿ ಹೇಳಲೇಬೇಕು. ಅವಳಿಗೆ ಉಬ್ಬಸ. ಕಾರು ಕೊಂಡ ಮೇಲೆ, ಅಕ್ಕ ಇನ್ನು ಬಸ್ಸಿನಲ್ಲಿ ಒದ್ದಾಡಬಾರದೆಂದು ನಾನೇ ಕೊಟ್ಟೂರಿನಿಂದ ಡಾಕ್ಟರ ಹತ್ತಿರ ಕರೆತರುತ್ತಿದ್ದೆ; ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೂ ಕರೆದೊಯ್ಯುತ್ತಿದ್ದೆ. ಅಲ್ಲಿ ಪೂಜೆ ಮಾಡಿಸಿ, ಬಾನೆಟ್ಟಿನ ಮೇಲೆ, ಮುಂದಿನ ಗಾಜಿನ ಬುಡದ ಜಾಲರಿಯವರೆಗೆ, ದೇವಿ ಅಮ್ಮನ ಭಂಡಾರದ ಅರಿಶಿನವನ್ನು ಧಾರಾಳವಾಗಿ ಎರಚುತ್ತಿದ್ದೆ. ಬರುವಾಗ ರಸ್ತೆಯುದ್ದಕ್ಕೂ ಮೆಕ್ಕೆಜೋಳದ ರಾಶಿ, ಹೊಟ್ಟಿನ ಧೂಳು. ಗಾಜು ಏರಿಸಿ, ಎಸಿ ಜೋರು ಮಾಡಿ, ಅದರ ಬಾಯಿಯನ್ನು ಅಕ್ಕನ ಮುಖಕ್ಕೇ ತಿರುಗಿಸುತ್ತಿದ್ದೆ. ಎರಡು ಮೈಲಿ ದಾಟುವುದರೊಳಗೆ ಅವಳಿಗೆ ಕೆಮ್ಮು.

“ತಮ್ಮಾ, ಗಾಜು ಇಳ್ಸೋ. ನಿನ್ನ ಕಾರಿನ ಗಾಳಿ ನನಗ ಒಗ್ಗವಲ್ದು,” ಅನ್ನುತ್ತಿದ್ದಳು.

“ಹೊರಗ ಧೂಳು ಐತಿ ಅಕ್ಕ. ಒಳಗಿನ ಗಾಳಿ ಶುದ್ಧ,” ಅನ್ನುತ್ತಿದ್ದೆ, ವಿಜ್ಞಾನದ ಮೇಷ್ಟ್ರಾಗಿ.

ಕೊನೆಗೆ ತಂಗಿಯ ಮಗಳ ಮದುವೆಯಲ್ಲಿ, ಊಟಕ್ಕೆ ಕೂತ ಬಳಗದ ಎದುರು, ಅಕ್ಕ ಹಿಂದಿರುಗಲು ಕಾರು ಬೇಡವೆಂದಳು. ನನಗೆ ಸಿಟ್ಟು ನೆತ್ತಿಗೇರಿತು. “ಬಸ್ಸಿನಾಗ ಬರದ ಕೆಮ್ಮು ನನ್ನ ಕಾರಿನಾಗ ಬರತೈತಂದ್ರ ಅದು ಕೆಮ್ಮಲ್ಲ, ಹೊಟ್ಟಿಕಿಚ್ಚು!” ಎಂದೆ. ಕೆಲವರು ನಕ್ಕರು. ನಾನೂ ನಕ್ಕೆ. ಅಕ್ಕ ಎಲೆ ಮಡಚಿ ಎದ್ದಳು. ಆಮೇಲೆ ನಾಲ್ಕು ವರ್ಷ ಅವಳು ನನ್ನ ಕಾರು ಹತ್ತಲಿಲ್ಲ. ನಮ್ಮ ಮನೆಗೆ ಬರುತ್ತಿದ್ದಳು, ಬಸ್ಸಿನಲ್ಲಿ. “ಹೊಟ್ಟಿಕಿಚ್ಚಿನ ಬಸಮ್ಮ” ಎಂಬ ಮಾತು ಬಳಗದಲ್ಲಿ ಹಾಗೇ ಉಳಿಯಿತು.

ಖಾಜಾಸಾಬ ಆ ಮುಚ್ಚಳ ತೆಗೆದು ಒಳಗಿನದನ್ನು ಎಳೆದ. ಅರ್ಧ ಬಂದು ಸಿಕ್ಕಿಕೊಂಡಿತು, ಮತ್ತೆ ಎಳೆದ. ಮೆಕ್ಕೆಜೋಳದ ಹೊಟ್ಟು, ಒಣಗಿದ ಹೂವಿನ ಎಸಳು, ಕಪ್ಪು ಬೂಷ್ಟು, ಎಲ್ಲದರ ಮೇಲೆ ಒಂದು ಬೆರಳು ದಪ್ಪಕ್ಕೆ ಗಟ್ಟಿಯಾದ ಅರಿಶಿನ.

“ಇದು ಫಿಲ್ಟರ್ ಅಲ್ರೀ ಸಾರ್, ಹೋಳಿಗಿ ಆಗೈತಿ. ಇದರಾಗಿಂದ ಬಂದ ಗಾಳಿ ಕುಡ್ದು ನೀವು ಹೆಂಗ ಅದೀರಿ?”

ನಾನು ಹೇಗೋ ಇದ್ದೆ. ಅಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ. “ಕಂಪನಿಯವರು ಹೇಳಬೇಕಿತ್ತು,” ಎಂದೆ. ಹಾಗೆ ಹೇಳುವಾಗ ಕೈಪಿಡಿ ನನ್ನ ಕೈಯಲ್ಲೇ ಇತ್ತು.

“ಪುಸ್ತಕದಾಗ ವರ್ಷಕ್ಕೊಮ್ಮೆ ಅಂತ ಇರತೈತ್ರಿ,” ಎಂದ ಖಾಜಾಸಾಬ. “ನಮ್ಮ ಕಡೆ ಜೋಳದ ಸುಗ್ಗಿ ಮುಗಿದ ಕೂಡಲೇ ಇನ್ನೊಮ್ಮೆ ತೆಗ್ದು ನೋಡಬೇಕ್ರಿ. ಮತ್ತ ಭಂಡಾರ ಹಚ್ಚೋದಿದ್ರ ಚಕ್ರಕ್ಕ ಹಚ್ರಿ, ಗಾಜಿನ ಬುಡದಾಗಿನ ಜಾಲರಿ ಕಾರಿನ ಮೂಗ್ರಿ, ಅದಕ್ಕ ತುಂಬಬ್ಯಾಡ್ರಿ.”

ಹೊಸ ಫಿಲ್ಟರನ್ನು ನಾನೇ ಹಾಕುತ್ತೇನೆಂದೆ. ಏನಾದರೊಂದು ಮಾಡಬೇಕೆನಿಸಿತ್ತು. ತಿರುವುಮುರುವಾಗಿ ಹಾಕಿದೆ. “ಬಾಣ ನೋಡ್ರಿ ಸಾರ್, ಗಾಳಿ ಹೋಗೋ ದಿಕ್ಕಿಗೆ ಇರಬೇಕು,” ಎಂದು ಅವನು ತೆಗೆದು ಸರಿಮಾಡಿದ. ಹತ್ತು ನಿಮಿಷದ ಕೆಲಸ.

ಹಳೆಯದನ್ನು ಅವನು ಕಸದ ಬುಟ್ಟಿಗೆ ಹಾಕಹೋದಾಗ ಅಕ್ಕ ಮುಂದೆ ಬಂದಳು. “ಅದರಾಗ ಅಮ್ಮನ ಭಂಡಾರ ಐತಪ್ಪಾ. ಕಸದಾಗ ಒಗಿಬ್ಯಾಡ,” ಎಂದಳು.

“ನಡಿ ಅಕ್ಕ, ಕಾರಿನಾಗ ಹೋಗೋಣು. ಈಗ ಗಾಳಿ ಚಲೋ ಐತಿ,” ಎಂದೆ. ತಪ್ಪಾಯಿತು ಎನ್ನಬೇಕಿತ್ತು, ಬಾಯಿಗೆ ಬಂದದ್ದು ಗಾಳಿಯ ಸುದ್ದಿ.

“ನೀ ಬಾ ತಮ್ಮಾ ಕಾರಿನಾಗ. ನಾ ಮತ್ತ ಕೆಮ್ಮಿದ್ರ ಅದಕ್ಕ ಕೆಟ್ಟ ಹೆಸರು,” ಎಂದು ಶಾರದಳ ಕೈ ಹಿಡಿದು ನಡೆದಳು.

ಒಬ್ಬನೇ ಹೊರಟೆ. ತಂಪು ಗಾಳಿ ಭರ್ರನೆ ಮುಖಕ್ಕೆ ಬಡಿಯುತ್ತಿತ್ತು. ಕನ್ನಡಿಯಲ್ಲಿ ನೋಡಿದೆ: ಅಕ್ಕ ರಸ್ತೆ ಬದಿಗೆ ನಿಂತು, ಸೊಂಟಕ್ಕೆ ಕೈಕೊಟ್ಟು, ಉಸಿರು ತೆಗೆದುಕೊಳ್ಳುತ್ತಿದ್ದಳು.

ಇದನ್ನು ಕಂಡವರು ನನ್ನನ್ನು ಬಿಟ್ಟು ಮೂವರು. ಮೂವರೂ ಬದುಕಿದ್ದಾರೆ. ಖಾಜಾಸಾಬ ಎಸೆಯಲೂ ಆಗದೆ, ಸುಡಲೂ ಆಗದೆ ಆ ಫಿಲ್ಟರನ್ನು ಗ್ಯಾರೇಜಿನ ಮೊಳೆಗೆ ನೇತುಹಾಕಿದ್ದಾನೆ. ಬಂದ ಗಿರಾಕಿಗಳಿಗೆಲ್ಲ ತೋರಿಸಿ, ಯಾರ ಕಾರಿನದೆಂದೂ ಹೇಳುತ್ತಾನೆ. ಶಾರದ ನನಗೊಬ್ಬನಿಗೇ ಹೇಳುತ್ತಾಳೆ, ದಿನಾ. ಅಕ್ಕ ಬಸಮ್ಮ ಯಾರಿಗೂ ಹೇಳಿಲ್ಲ. ಮದುವೆಯಲ್ಲಿ ಅಂದು ನಕ್ಕವರಿಗೆ ಹೇಳಬೇಕಾದವನು ನಾನು. ಅವರೆಲ್ಲರ ಫೋನ್ ನಂಬರುಗಳೂ ನನ್ನಲ್ಲಿವೆ. ಆದರೂ ನೋಡಿ, ಗುರುತು ಪರಿಚಯವಿಲ್ಲದ ನಿಮಗೆ ಹೇಳುತ್ತಾ ಕೂತಿದ್ದೇನೆ.