ರೌಟರ್‌ಗೆ ಜ್ವರ, ವಿದೋಯೆಗೆ ಗಾಳಿ

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ರೌಟರ್ ತಾನಾಗಿಯೇ ಒಂದು ಮೆಸೇಜ್ ಕಳಿಸಿತು: ‘ಒಳಗಿನ ಫ್ಯಾನ್ ನಿಂತಿದೆ. ಶಾಖ ಎಪ್ಪತ್ತೊಂದು ಡಿಗ್ರಿ.’ ಕೆಟ್ಟ ಸುದ್ದಿಯನ್ನು ಇಷ್ಟು ಮರ್ಯಾದೆಯಿಂದ ಹೇಳುವವರು ಸರ್ಬಿಯಾದ ನೀಶ್ ಊರಲ್ಲಿ ಇನ್ನೊಬ್ಬರಿಲ್ಲ.

ಮೆಸೇಜ್ ರೌಟರ್ ನೋಡಿಕೊಳ್ಳುವ ಟೆಕ್ನಿಷಿಯನ್ ವಿದೋಯೆಯ ಫೋನಿಗೆ ಬಂತು. ಇಂಟರ್ನೆಟ್ ಕಂಪನಿಯ ಮಾಲೀಕ ಸ್ವೆತಿಸ್ಲಾವರ ಫೋನಿಗೂ ಹೋಯಿತು. ಅರ್ಧ ನಿಮಿಷದಲ್ಲಿ ಅವರ ಕರೆ.

“ಅರ್ಧ ಊರಿನ ಇಂಟರ್ನೆಟ್ ಆ ಡಬ್ಬದಲ್ಲಿದೆ ಕಣಯ್ಯಾ. ಇವತ್ತು ನಂಗೆ ಮೂರನೇ ಮೆಸೇಜ್ ಬಂತೋ, ನಾಳೆಯಿಂದ ನೀನು ಬರೋದು ಬೇಡ.”

“ಸಾರ್, ಹೊಸ ಫ್ಯಾನ್ ಬೆಲ್‌ಗ್ರೇಡ್‌ನಿಂದ ಬರೋದೇ ಮುಂದಿನ ವಾರ...”

“ಅಲ್ಲಿವರೆಗೂ ನೀನೇ ಫ್ಯಾನು.” ಫೋನ್ ಕಟ್.

ಹೊರಗೆ ಜುಲೈ ಬಿಸಿಲು ಬಾಣಲೆಯಂತೆ ಕಾದಿತ್ತು. ವಿದೋಯೆ ರೌಟರ್ ಕೋಣೆಯ ಬಾಗಿಲು ತೆರೆದ, ಎದುರಿನ ಆಫೀಸ್ ಕಿಟಕಿಯನ್ನೂ ತೆರೆದ. ಗಾಳಿ ಈ ಕಡೆಯಿಂದ ನುಗ್ಗಿ ಆ ಕಡೆ ಹೊರಟಿತು. ಶಾಖ ಅರವತ್ತಾರಕ್ಕೆ ಇಳಿಯಿತು. ಅವನು ಉಸಿರು ಬಿಡುವಷ್ಟರಲ್ಲಿ ಕಿಟಕಿ ಧಡಾರನೆ ಮುಚ್ಚಿತು.

ಮುಚ್ಚಿದವಳು ದೇಸಾಂಕಾ. ದೂರು ಕೇಳುವ ಫೋನಿನ ಮುಂದೆ ಮೂವತ್ತು ವರ್ಷ ಕೂತವಳು. ಎದುರುಬದುರು ಬಾಗಿಲು-ಕಿಟಕಿಗಳ ನಡುವೆ ಬೀಸುವ ಗಾಳಿ ಆಳನ್ನೇ ಕೊಲ್ಲುತ್ತದೆಂದು ಆ ಊರೆಲ್ಲ ನಂಬಿತ್ತು.

“ಎದುರುಗಾಳಿ! ಮಗನೇ, ಎದುರುಗಾಳಿ ಬಿಡ್ತೀಯಾ? ನಮ್ಮ ಅತ್ತಿಗೆ ಬಾಯಿ ಹೀಗೇ ಸೊಟ್ಟ ಆಗಿದ್ದು!”

“ಆಂಟೀ, ಮೂವತ್ತೊಂಬತ್ತು ಡಿಗ್ರಿ ಬಿಸಿಲು. ಗಾಳಿನೂ ಬಿಸಿ.”

“ಬಿಸಿ ಎದುರುಗಾಳಿ ಇನ್ನೂ ಡೇಂಜರು. ಮೈ ಬೆವರಿರುತ್ತೆ, ಸೀದಾ ಕಿಡ್ನಿಗೇ ಹೋಗುತ್ತೆ.”

ಸರಿ, ಮೆಟ್ಟಿಲ ಬಳಿಯ ಕಿಟಕಿ ತೆರೆದ. ಮೂರನೇ ಮಹಡಿಯ ತಿಹೊಮಿರ್ ತಾತ ಬನಿಯನ್ನಿನಲ್ಲೇ ಇಳಿದು ಬಂದು ಅದನ್ನು ಮುಚ್ಚಿ, “ಇಡೀ ಬಿಲ್ಡಿಂಗನ್ನೇ ಕೊಲ್ತೀಯೇನೋ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಹತ್ತಿ ಹೋದ. ಮೇಜಿನ ಫ್ಯಾನ್ ತಂದರೆ ದೇಸಾಂಕಾ ಅದರ ಮುಖವನ್ನು ಗೋಡೆಗೆ ತಿರುಗಿಸಿದಳು. ಗೋಡೆ ಮಾತ್ರ ಚೆನ್ನಾಗಿ ತಣಿಯಿತು.

ಶಾಖ ಮತ್ತೆ ಅರವತ್ತೊಂಬತ್ತು. ಎಪ್ಪತ್ತು ಮುಟ್ಟಿದರೆ ಮೆಸೇಜ್. ಗಾಬರಿಯಲ್ಲಿ ಅವನು ಫ್ರಿಜ್‌ನಿಂದ ದೇಸಾಂಕಾಳ ಹೆಪ್ಪುಗಟ್ಟಿದ ಬಟಾಣಿ ಪೊಟ್ಟಣ ತೆಗೆದು, ಜ್ವರದ ಮಗುವಿನ ಹಣೆಗೆ ಪಟ್ಟಿ ಇಟ್ಟಂತೆ ರೌಟರ್ ತಲೆಯ ಮೇಲಿಟ್ಟ. ಶಾಖ ಇಳಿಯಿತು. ಬಟಾಣಿ ಬೆವರಿತು. ಆ ಕೋಣೆಗೆ ತೇವ ಅಳೆಯುವ ಸೆನ್ಸರೂ ಉಂಟೆಂಬುದು ಅವನಿಗೆ ಆಗ ನೆನಪಾಯಿತು.

‘ಕೋಣೆಯಲ್ಲಿ ತೇವ ಹೆಚ್ಚಾಗಿದೆ.’ ಎರಡನೇ ಮೆಸೇಜ್. ಮಾಲೀಕರ ಕರೆ ಬರಲಿಲ್ಲ. ಅದೇ ಭಯಂಕರ.

“ನನ್ನ ಊಟಾನೂ ಹೋಯ್ತು!” ಎಂದಳು ದೇಸಾಂಕಾ.

ಮಧ್ಯಾಹ್ನ ಒಂದು ಗಂಟೆಗೆ ವಿದೋಯೆ ಯುದ್ಧಕ್ಕೆ ಹೊರಟವನಂತೆ ಕುರ್ಚಿ ಎತ್ತಿಕೊಂಡ. ಬಾಗಿಲು, ಕಿಟಕಿ ಎರಡನ್ನೂ ತೆರೆದು, ಕಿಟಕಿಗೆ ಬೆನ್ನು ಕೊಟ್ಟು ಕೂತ.

“ಇದನ್ನ ಮುಚ್ಚಬೇಕಂದ್ರೆ ಮೊದಲು ನನ್ನ ದಾಟಿ ಹೋಗಿ!”

ಯಾರೂ ಹತ್ತಿರ ಬರಲಿಲ್ಲ. ದೇಸಾಂಕಾ ತನ್ನ ಮೇಜನ್ನು ಮೂಲೆಗೆ ಎಳೆದುಕೊಂಡು ಶಿಲುಬೆ ಗುರುತು ಹಾಕಿಕೊಂಡಳು. ತಿಹೊಮಿರ್ ತಾತ ಬಾಗಿಲಲ್ಲಿ ಇಣುಕಿ, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದ: “ಇನ್ನೂ ಉಸಿರಾಡ್ತಿದಾನಾ?”

“ಇದಾನೆ, ಪಾಪ. ಅವರಮ್ಮಂಗೆ ನಾನು ಏನಂತ ಹೇಳ್ಲಿ?” ಎಂದಳು ದೇಸಾಂಕಾ.

ಶಾಖ ಅರವತ್ತು. ಐವತ್ತೈದು. ಐದು ಗಂಟೆ ಹೊತ್ತು ವಿದೋಯೆ ಅಲ್ಲಾಡಲಿಲ್ಲ. ರೌಟರ್ ಉಸಿರೆತ್ತಲಿಲ್ಲ.

ಆರಕ್ಕೆ ಏಳಲು ಹೋದಾಗ ಕುತ್ತಿಗೆಯಲ್ಲಿ ಏನೋ ಕಟಕ್ ಎಂದಿತು. ತಲೆ ಪಕ್ಕಕ್ಕೆ ತಿರುಗಲೇ ಇಲ್ಲ.

“ಹೇಳಿದ್ನಾ ಇಲ್ವಾ!” ದೇಸಾಂಕಾಳ ಮುಖದಲ್ಲಿ ದುಃಖಕ್ಕಿಂತ ಗೆಲುವೇ ಜಾಸ್ತಿ. ಬಟ್ಟೆಯನ್ನು ರಾಕಿಯಾ ಸಾರಾಯಿಯಲ್ಲಿ ಅದ್ದಿ, ಕುತ್ತಿಗೆಯಿಂದ ಮೂಗಿನವರೆಗೆ ಬಿಗಿದಳು.

ಆಗಲೇ ಸ್ವೆತಿಸ್ಲಾವರು ಬಂದರು. ಗಾಳಿಗೆ ಸಿಗದ ಹಾಗೆ ಬಾಗಿಲಾಚೆಯ ಗೋಡೆಗೆ ಅಂಟಿಕೊಂಡು ನಿಂತರು.

“ಭೇಷ್ ವಿದೋಯೆ! ಆಮೇಲೆ ಒಂದು ಮೆಸೇಜೂ ಬರ್ಲಿಲ್ಲ! ನಿಜ ಹೇಳ್ಲಾ, ಆ ಎರಡನೇದು ಬಂದಾಗ ಹೆದರಿಬಿಟ್ಟೆ. ಈ ರೂಮಿಗೆ ಎಸಿ ಹಾಕ್ಸೋಣ ಅಂತ ಅಂಗಡಿಗೇ ಹೋಗಿದ್ದೆ. ಫೋನ್ ನೋಡ್ತೀನಿ, ನೋಡ್ತೀನಿ, ಸದ್ದೇ ಇಲ್ಲ! ಎಸಿ ಯಾಕೆ ಬೇಕು, ನಮ್ಮ ಹುಡುಗನೇ ಇದಾನಲ್ಲ ಅಂತ ವಾಪಸ್ ಬಂದ್ಬಿಟ್ಟೆ. ಇನ್ಮೇಲೆ ದಿನಾ ಇಲ್ಲೇ ಕೂತ್ಕೋತೀಯಲ್ಲ?”

‘ಇಲ್ಲ’ ಎನ್ನಲು ಬಟ್ಟೆ ಬಿಡಲಿಲ್ಲ. ತಲೆಯಾಡಿಸಲು ಕುತ್ತಿಗೆ ಬಿಡಲಿಲ್ಲ. ಇದ್ದ ಶಕ್ತಿಯನ್ನೆಲ್ಲ ಹಾಕಿ ವಿದೋಯೆ ತಲೆಯನ್ನು ಪಕ್ಕಕ್ಕೆ ಎಳೆದ. ನೋವಿಗೆ ಅದು ಗಕ್ಕನೆ ಕೆಳಗೆ ಬಾಗಿತು. ಮತ್ತೆ ಮೇಲೆ ಬಂತು. ಮತ್ತೆ ಕೆಳಗೆ.

“ನೋಡಿ, ಎಷ್ಟು ಖುಷಿಯಾಗಿ ಒಪ್ಪಿಕೊಂಡ!” ಎಂದರು ಸ್ವೆತಿಸ್ಲಾವರು.