ವಾರಕ್ಕೊಂದು ಸೂಟಿ ಮತ್ತು ಇತರ ಆನಂದದ ಸುದ್ದಿಗಳು

ನಮ್ಮ ದವಾಖಾನೆಯಲ್ಲಿ ರೆಸಿಡೆಂಟ್ ಡಾಕ್ಟರುಗಳಿಗೆ ಒಳ್ಳೆಯದಾಗುವುದು ನಿಂತ ದಿನವೇ ಇರಲಿಲ್ಲ. ಆಗಾಗ ಏನಾದರೊಂದು ಒಳ್ಳೆಯದು ಆಗುತ್ತಲೇ ಇತ್ತು, ಪ್ರತಿ ಸಲವೂ ಅದನ್ನು ನಾವೇ ಅನುಭವಿಸಬೇಕಾಗುತ್ತಿತ್ತು.

ರೆಸಿಡೆಂಟ್ ಅಂದರೆ ಎಂಬಿಬಿಎಸ್ ಮುಗಿಸಿ, ಎಂ.ಡಿ. ಓದುತ್ತ, ಅದೇ ದವಾಖಾನೆಯಲ್ಲಿ ಹಗಲೂ ರಾತ್ರಿ ಪೇಶಂಟುಗಳನ್ನು ನೋಡಿಕೊಳ್ಳುವವರು. ಓದುವುದು ಯಾವಾಗ ಅಂತ ಕೇಳಬೇಡಿ, ಸಿಟ್ಟು ಬರುತ್ತದೆ. ನಾನು ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಯವರ ಮಗಳು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ವಾರ್ಡಿನಲ್ಲಿ ಎರಡೂ. ಈಗ ಅಕ್ಕಲಕೋಟೆಯಲ್ಲಿ ನನ್ನದೇ ಸಣ್ಣ ದವಾಖಾನೆ ಇದೆ, ಊಟದ ಹೊತ್ತಿಗೆ ಊಟ ಮಾಡುತ್ತೇನೆ. ಆದರೂ ಫೋನು ಟಿಣ್ ಅಂದರೆ ಮೈಯೆಲ್ಲ ಉರಿಯುತ್ತದೆ. ರೆಸಿಡೆಂಟ್ ಆಗಿದ್ದಾಗ ಆಫೀಸಿನ ಕ್ಲಾರ್ಕ್ ಸಾಹೇಬರು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಹೊಸ ಹೊಸ ಸವಲತ್ತುಗಳ ಸುದ್ದಿ ಹಾಕುತ್ತಿದ್ದರು. ಪ್ರತಿಯೊಂದಕ್ಕೂ ಮೇಲೆ ಮರಾಠಿಯಲ್ಲಿ ದಪ್ಪ ಅಕ್ಷರದ ತಲೆಬರಹ: ‘ಆನಂದಾಚೀ ಬಾತಮೀ!’ ಅಂದರೆ ಆನಂದದ ಸುದ್ದಿ. ಯಾವ ದವಾಖಾನೆ ಅಂತ ಹೇಳುವುದಿಲ್ಲ. ನೀವು ಅಂದುಕೊಂಡದ್ದು ಅಲ್ಲ.

ಸೂಟಿ

ಮೊದಲನೆಯ ಆನಂದದ ಸುದ್ದಿ: ರೆಸಿಡೆಂಟುಗಳಿಗೆ ಇನ್ನು ಮೇಲೆ ವಾರಕ್ಕೊಂದು ಸೂಟಿ, ಅಂದರೆ ರಜೆ.

ನಮ್ಮ ಹಾಸ್ಟೆಲಿನಲ್ಲಿ ಕುಣಿದವರು ಕುಣಿದರು, ಅತ್ತವರು ಅತ್ತರು. ನಾನು ಅವ್ವನಿಗೆ ಫೋನು ಮಾಡಿದೆ. ದವಾಖಾನೆಯಿಂದ ನಮ್ಮ ಮನೆ ರಿಕ್ಷಾ ಹತ್ತಿ ಇಳಿಯುವಷ್ಟು ದೂರ, ಆದರೆ ದೀಪಾವಳಿಯಿಂದ ಹೋಗಿರಲಿಲ್ಲ.

“ಅವ್ವಾ, ಐತವಾರ ಮನಿಗಿ ಬರ್ತೀನಿ. ಶೇಂಗಾ ಹೋಳಿಗಿ ಮಾಡು.”

ಶನಿವಾರ ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ಹೋಗಿ ನಿಂತೆ. ಅವರು ಇಂಡಿ ಕಡೆಯವರು, ಬೈಯುವಾಗ ಮಾತ್ರ ನನ್ನ ಜೊತೆ ಕನ್ನಡ.

“ಸೂಟಿ? ಯಾಕವಾ, ಆರಾಮಿಲ್ಲೇನು?”

“ಆರಾಮ ಅದೀನ್ರಿ ಸರ್. ವಾರಕ್ಕೊಂದ್ ಸೂಟಿ ಅಂತ ಆದೇಶ ಬಂದದಲ್ಲರಿ.”

ಅವರು ಚಷ್ಮಾ ಏರಿಸಿ ಫೋನಿನಲ್ಲಿದ್ದ ಆದೇಶವನ್ನು ನಿಧಾನವಾಗಿ, ಪೂರ್ತಿ ಓದಿದರು. “ಬಂದದ. ನಾ ಎಲ್ಲಿ ಇಲ್ಲ ಅಂದೀನಿ? ವಾರಕ್ಕೊಂದ್ ಸೂಟಿ ಅಂತನೂ ಅದ. ಆದ್ರ ಯಾವ ವಾರ ಅಂತ ಎಲ್ಲಿ ಬರದಾರ, ತೋರಸು?”

ಹೊರಗೆ ಬಂದು ಹಲ್ಲು ಕಡಿಯುತ್ತ ಅವ್ವನಿಗೆ ಹೇಳಿದೆ. ಅವ್ವ ನನಗಿಂತ ಜಾಣೆ. “ಇರ್ಲಿ ಬಿಡು, ಶೇಂಗಾ ಹೋಳಿಗಿ ಭಾಳ ದಿನ ತಾಳ್ತಾವ. ನಿಮ್ಮ ಸರ್ ರಿಟೈರ್ ಆಗೂ ತನಕ ಡಬ್ಬ್ಯಾಗ ಇಟ್ಟಿರ್ತೀನಿ.”

ವಿಶ್ರಾಂತಿ

ನಮಗೆ ಮಲಗಲು ಜಾಗ ಇರಲಿಲ್ಲ. ಕಣ್ಣು ಮುಚ್ಚಿದರೆ ಬೀಳುವಂತಾದಾಗ ಮುರುಕು ಸ್ಟ್ರೆಚರಿನ ಮೇಲೆ ಒರಗುತ್ತಿದ್ದೆವು. ಒಮ್ಮೆ ನನ್ನ ಗೆಳತಿ ಹಾಗೆ ಮಲಗಿದ್ದಾಗ ವಾರ್ಡ್‌ಬಾಯ್ ಅವಳನ್ನು ಎಕ್ಸ್‌ರೇ ಕೋಣೆಯವರೆಗೆ ತಳ್ಳಿಕೊಂಡು ಹೋಗಿದ್ದ. ಇದನ್ನೆಲ್ಲ ಅರ್ಜಿ ಬರೆದು ಬರೆದು ಕೊಟ್ಟ ಮೇಲೆ ಆನಂದದ ಸುದ್ದಿ ಬಂತು: ರೆಸಿಡೆಂಟುಗಳಿಗೆ ವಿಶ್ರಾಂತಿ ಕೋಣೆ. ಏಸಿ, ಕಾಟು, ಗಾದಿ, ಹೂವಿನ ಚಾದರ. ಉದ್ಘಾಟನೆಗೆ ಆರೋಗ್ಯ ಖಾತೆಯ ದೊಡ್ಡ ಸಾಹೇಬರು ಬರುತ್ತಾರೆ.

ಆ ದಿನ ನಾನು ಹಿಂದಿನ ದಿನದ ಡ್ಯೂಟಿಯ ಮೇಲೆ ಇವತ್ತಿನ ಡ್ಯೂಟಿ ಮಾಡುತ್ತಿದ್ದೆ. ಕ್ಲಾರ್ಕ್ ಸಾಹೇಬರು ವಾರ್ಡಿಗೆ ಬಂದು ಎಲ್ಲರ ಏಪ್ರನ್ ನೋಡಿದರು. ನನ್ನದರ ಮೇಲೆ ಕಲೆ ಕಡಿಮೆ ಇದ್ದವು.

“ನೀವು ಬರ್ರಿ. ಕಾಟಿನ ಮ್ಯಾಲ ಆರಾಮ ಮಾಡಿದಂಗ ಮಾಡ್ರಿ. ಸಾಹೇಬರು ಬಂದಾಗ ಫೋಟೋ ತಗಿಯೂದದ.”

ನಾನು ಆರಾಮ ಮಾಡಿದಂತೆ ಮಾಡಲು ಮಲಗಿದೆ. ಮುಂದಿನದು ನನಗೆ ಗೊತ್ತಿಲ್ಲ. ಆಮೇಲೆ ಉಳಿದವರು ಹೇಳಿದ್ದು: ಸಾಹೇಬರು ಬಂದರು, ಕಾಯಿ ಒಡೆದರು, ರಿಬ್ಬನ್ ಕತ್ತರಿಸಿದರು, ಭಾಷಣ ಆಯಿತು, ಚಪ್ಪಾಳೆ ಆದವು. ನಾನು ಗೊರಕೆ ಹೊಡೆಯುತ್ತಿದ್ದೆ. ‘ಹುಡುಗಿ ಏನ್ ಚಂದ ನಾಟಕ ಮಾಡ್ತಾಳ’ ಅಂತ ಸಾಹೇಬರು ಮೆಚ್ಚಿಕೊಂಡರಂತೆ.

ಎಚ್ಚರವಾದದ್ದು ಕಾಟು ಅಲ್ಲಾಡಿದಾಗ. ಇಬ್ಬರು ಹಮಾಲರು ಆ ಕಡೆ ಈ ಕಡೆ ಹಿಡಿದು ನಿಂತಿದ್ದರು.

“ಏಳ್ರಿ ಮ್ಯಾಡಮ್, ಕಾಟ್ ಬಾಡಿಗೀದು. ವಾಪಸ್ ಒಯ್ಯಬೇಕು.”

ಏಸಿ ಆಗಲೇ ಡೀನ್ ಸಾಹೇಬರ ಕೋಣೆಗೆ ಹೋಗಿತ್ತು. ಮರುದಿನ ಪೇಪರಿನಲ್ಲಿ ನನ್ನ ಫೋಟೋ, ಬಾಯಿ ತೆರೆದು ಮಲಗಿದ್ದು. ಆಗ ನನಗೆ ವರ ನೋಡುತ್ತಿದ್ದರು. ಹುಡುಗನ ತಾಯಿ ನಮ್ಮ ಅಪ್ಪನ ಅಂಗಡಿಗೇ ಫೋನು ಮಾಡಿದರು. “ಏನ್ರಿ, ನಿಮ್ಮ ಮಗಳು ಡ್ಯೂಟಿ ಮ್ಯಾಲ ಮಲಗ್ತಾಳಂತಲ್ಲ? ಪೇಪರನ್ಯಾಗ ಬಂದದ!”

ಅಪ್ಪ ಜೀವಮಾನವಿಡೀ ಗಿರಾಕಿಗಳ ಮುಂದೆ ಸಿಟ್ಟು ನುಂಗಿದ ಮನುಷ್ಯ. ಅವತ್ತು ನುಂಗಲಿಲ್ಲ. “ಬಾಯಾರ, ದಿನಾ ಆಗೂದು ಪೇಪರನ್ಯಾಗ ಹಾಕ್ತಾರೇನ್ರಿ? ನನ್ನ ಮಗಳು ಮಲಗಿದ್ದು ಸುದ್ದಿ ಆಗ್ಯದ ಅಂದ್ರ, ಎಷ್ಟು ಅಪರೂಪಕ್ಕ ಮಲಗ್ಯಾಳ ಅಂತ ತಿಳೀರಿ.”

ಆ ಸಂಬಂಧ ಅಲ್ಲಿಗೇ ಮುಗಿಯಿತು. ನಾನು ಸುದ್ದಿ ಕೇಳಿ ಮತ್ತೆ ಸ್ಟ್ರೆಚರಿನ ಮೇಲೆ ಮಲಗಿದೆ.

ಬಂದೋಬಸ್ತ್

ನಮ್ಮ ಜೊತೆಯ ಒಬ್ಬ ಡಾಕ್ಟರಿಗೆ ಪೇಶಂಟಿನ ಕಡೆಯವರು ಕಪಾಳಕ್ಕೆ ಹೊಡೆದರು. ಸ್ಕ್ಯಾನ್ ಮಷೀನು ಕೆಟ್ಟದ್ದು ಅವನ ತಪ್ಪಂತೆ. ನಾವೆಲ್ಲ ಗೇಟಿನಲ್ಲಿ ಧರಣಿ ಕೂತೆವು. ಮಷೀನು ದುರಸ್ತಿ ಆಗಲಿಲ್ಲ, ಆದರೆ ಪ್ರತಿ ವಾರ್ಡಿಗೊಬ್ಬ ಗಾರ್ಡ್ ಅಂತ ಆನಂದದ ಸುದ್ದಿ ಬಂತು.

ನಮ್ಮ ವಾರ್ಡಿಗೆ ಬಂದ ಗಾರ್ಡ್ ಮಾಮಾ ಚಪಳಗಾಂವದವರು. ಮೊದಲು ಕುರಿ ಕಾಯುತ್ತಿದ್ದವರು. ಸಮವಸ್ತ್ರದೊಳಗೆ ಇನ್ನೊಬ್ಬ ಮಾಮಾನಿಗೆ ಜಾಗ ಇತ್ತು. ಕೊರಳಲ್ಲಿ ಸೀಟಿ, ಕೈಯಲ್ಲಿ ಕೋಲು, ಬಾಯಲ್ಲಿ ತಂಬಾಕು.

ಒಂದು ಮಧ್ಯಾಹ್ನ ಮತ್ತೆ ಅದೇ ಮಷೀನಿನ ಸಲುವಾಗಿ ಹತ್ತಾರು ಜನ ವಾರ್ಡಿಗೆ ನುಗ್ಗಿದರು. “ಕುಠೇ ಆಹೇ ಡಾಕ್ಟರ್?” ಅಂದರೆ ಡಾಕ್ಟರ್ ಎಲ್ಲಿ ಅಂತ. ನಾನು ಮಾಮಾನನ್ನು ಹುಡುಕಿದೆ. ಕಾಣಲಿಲ್ಲ. ಹಿಂದಿನಿಂದ ಯಾರೋ ಏಪ್ರನ್ ಜಗ್ಗಿದಂತಾಯಿತು. ತಿರುಗಿದರೆ ಮಾಮಾ, ನನ್ನ ಬೆನ್ನಿಗೆ ಅಂಟಿಕೊಂಡು ನಿಂತಿದ್ದಾರೆ.

“ಮಾಮಾ, ಮುಂದ ಬರ್ರಿ!”

“ನೀವs ಮಾತಾಡ್ರಿ ಮ್ಯಾಡಮ್. ನನ್ನ ನೌಕರಿ ಇನ್ನಾ ಕಾಯಂ ಆಗಿಲ್ಲ.”

ನನಗೆ ಅವರ ಮೇಲೆ ಬಂದ ಸಿಟ್ಟು, ಮಷೀನಿನ ಮೇಲಿನ ಸಿಟ್ಟು, ಹೋಳಿಗೆಯ ಸಿಟ್ಟು ಎಲ್ಲ ಕೂಡಿ ಬಂತು. ನವಿ ಪೇಠದ ಸಂತೆಗಂಟಲು ತೆಗೆದು ಮುಂದಿದ್ದ ದೊಡ್ಡ ಮೀಸೆಯವನಿಗೆ ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸಿದೆ. ಮಷೀನು ಮುರಿದದ್ದು ನಾನಲ್ಲ, ದುರಸ್ತಿ ಮಾಡಿಸಬೇಕಾದವರು ಮ್ಯಾಲಿನ ಮಜಲಿನಲ್ಲಿ ಏಸಿಯಾಗ ಕೂತಾರ, ಧೈರ್ಯ ಇದ್ರ ಅಲ್ಲಿ ಹೋಗಿ ಕೇಳು ಅಂತ. ಜನ ಖರೆ ಅಂತ ತಲೆಯಾಡಿಸಿ ಮೇಲಿನ ಮಹಡಿಗೆ ನಡೆದರು. ಆಗ ಮಾಮಾ ಮುಂದೆ ಬಂದು ಜೋರಾಗಿ ಸೀಟಿ ಊದಿದರು.

ಗಾರ್ಡ್ ತೋರಿಸಿದ ಧೈರ್ಯಕ್ಕಾಗಿ ಡೀನ್ ಸಾಹೇಬರು ಅವರಿಗೆ ಶಾಲು ಹೊದಿಸಿದರು. ಮಾಮಾ ಶಾಲು ಹೊದ್ದುಕೊಂಡೇ ನನ್ನ ಹತ್ತಿರ ಬಂದರು.

“ಮ್ಯಾಡಮ್, ಖರೇ ಅಂದ್ರ ಇದು ನಿಮಗ ಬರಬೇಕಾಗಿತ್ತು. ಆದ್ರ ವಿಚಾರ ಮಾಡ್ರಿ, ನಾ ಹಿಂದ ನಿಂತಿರಲಿಲ್ಲಂದ್ರ ನೀವು ಓಡಿ ಹೋಗ್ತಿದ್ರಿ.”

ಉಪಚಾರ

ಹಾಸ್ಟೆಲಿನ ನೀರಿನ ಟಾಕಿಯ ಸೊಳ್ಳೆಗಳು ನನ್ನ ಜೊತೆಗಾರನೊಬ್ಬನಿಗೆ ಡೆಂಗ್ಯೂ ತಂದವು. ರೆಸಿಡೆಂಟುಗಳಿಗೆ ಸ್ಪೆಶಲ್ ರೂಮಿನಲ್ಲಿ ಉಪಚಾರ ಅಂತ ಆನಂದದ ಸುದ್ದಿ ಆಗಲೇ ಬಂದಿತ್ತು. ರೂಮು ಇತ್ತು, ಕೀಲಿ ಇರಲಿಲ್ಲ. ಕೀಲಿ ಇಟ್ಟುಕೊಂಡವರು ಮೀಟಿಂಗಿಗೆಂದು ಪುಣೆಗೆ ಹೋಗಿದ್ದರು. ಬದಲಿ ಡಾಕ್ಟರು ಇಲ್ಲವಾದ್ದರಿಂದ ಅವನಿಗೆ ‘ಹಗುರ ಡ್ಯೂಟಿ’ ಕೊಟ್ಟರು. ಹಗುರ ಅಂದರೆ ಅದೇ ಡ್ಯೂಟಿ, ಆದರೆ ಕೈಗೆ ಸಲಾಯಿನ್ ಹಚ್ಚಿಕೊಂಡು.

ಗಾಲಿಯ ಸ್ಟ್ಯಾಂಡು ತಳ್ಳುತ್ತ ಅವನು ಒಬ್ಬೊಬ್ಬ ಪೇಶಂಟನ್ನೇ ನೋಡುತ್ತ ಬಂದ. ಕಿಟಕಿಯ ಹತ್ತಿರದ ಕಾಟಿನಲ್ಲಿ ಭಂಡಾರಕವಠೆಯ ಒಬ್ಬ ಅಜ್ಜ ಇದ್ದ, ದಮ್ಮಿನವನು. ಈಗ ಆರಾಮಾಗಿದ್ದ. ಮಗ ಹೊಲದ ಕೆಲಸಕ್ಕೆ ಊರಿಗೆ ಹೋಗಿದ್ದರಿಂದ ಒಬ್ಬನೇ ಇದ್ದ.

“ಉಸರು ಹ್ಯಾಂಗದ ಅಜ್ಜಾ?” ಅಂತ ಕೇಳಿದ ಡಾಕ್ಟರಿಗೇ ಉಸಿರು ಹತ್ತಿತ್ತು, ಕಾಲು ನಡುಗುತ್ತಿದ್ದವು.

ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿದ. ಕಾಟಿನಿಂದ ಇಳಿದ. “ನನ್ನ ಉಸರು ಸುಡ್ಲಿ. ನೀ ಬಾ ಮಗಾ, ಇಲ್ಲಿ ಮಕ್ಕೋ.” ಬೇಡ ಅನ್ನಲು ಅವನಿಗೆ ತ್ರಾಣವೇ ಇರಲಿಲ್ಲ. ಅಜ್ಜ ತನ್ನ ಕೌದಿ ಹೊದಿಸಿ, ಸ್ಟೂಲಿನ ಮೇಲೆ ಕೂತು ಗಾಳಿ ಹಾಕತೊಡಗಿದ. ನಾನು ನೋಡಿದೆ, ನೋಡಿಯೂ ಎಬ್ಬಿಸಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಯಿಂದಲ್ಲ, ಸಿಟ್ಟಿನಿಂದ.

ಅಷ್ಟರಲ್ಲಿ ಮುಖ್ಯಸ್ಥರು ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಬಂದರು. ಕೌದಿಯೊಳಗಿನ ಮುಖ ನೋಡಲಿಲ್ಲ, ಹಣೆ ಮುಟ್ಟಿದರು.

“ಎಪ್ಪತ್ತರ ಮುದುಕ ಅಂತ ಬರದೀರಿ, ಜ್ವರ ಹಿಂಗ ಸುಡಾಕತ್ತದ, ಯಾರೂ ನೋಡಿಲ್ಲೇನು? ಪೇಶಂಟಿನ ಕಡಿಯವರು ಯಾರಿದ್ದೀರಿ?”

ಅಜ್ಜ ಸ್ಟೂಲಿನಿಂದ ಎದ್ದು ಕೈ ಮುಗಿದ. “ನಾನs ಅದೀನ್ರಿ ಸಾಹೇಬ್ರ. ಪೇಶಂಟೂ ನಾನs, ಪೇಶಂಟಿನ ಕಡಿಯವನೂ ನಾನs. ಇಂವ ನಿಮ್ಮಾಂವ. ನಿಮ್ಮ ಕಡಿಂದ ಯಾರೂ ಬರಲಿಲ್ಲಂತ ನಾ ಕುಂತೀನಿ.”

ಹೆರಿಗೆ

ಕೊನೆಯದು ನಮ್ಮ ಸೀನಿಯರ್ ಅಕ್ಕನದು. ಹೆರಿಗೆ ವಾರ್ಡಿನ ರೆಸಿಡೆಂಟ್. ಊರ ಹೆಂಗಸರ ಹೆರಿಗೆ ಮಾಡುತ್ತ ಮಾಡುತ್ತ ತಾನೂ ತುಂಬಿದ ಬಸುರಿ. ರೆಸಿಡೆಂಟುಗಳಿಗೂ ಹೆರಿಗೆ ಸೂಟಿ ಅಂತ ಸುದ್ದಿ ಬಂದದ್ದೇ ಅಕ್ಕ ಅರ್ಜಿ ಹಿಡಿದು ಕ್ಲಾರ್ಕ್ ಸಾಹೇಬರ ಹತ್ತಿರ ಹೋದಳು. ಜೊತೆಗೆ ನಾನು.

“ಬಸುರಿ ಅನ್ನೂದಕ್ಕ ಪುರಾವಾ ಏನದ?” ಅಂದರು ಸಾಹೇಬರು, ತಲೆ ಎತ್ತದೆ.

ಅಕ್ಕ ಅಡ್ಡ ತಿರುಗಿ ನಿಂತಳು. “ಇದು ಪುರಾವಾ ಅಲ್ಲೇನ್ರಿ?”

“ಹೊಟ್ಟಿ ಯಾರಿಗಿ ಇಲ್ಲ ಮ್ಯಾಡಮ್? ನನಗೂ ಅದ. ಹೆರಿಗೆ ವಾರ್ಡಿನ ಡ್ಯೂಟಿ ಡಾಕ್ಟರದು ಸಹಿ ತರ್ರಿ.”

“ಡ್ಯೂಟಿ ಡಾಕ್ಟರ್ ನಾನs ಅದೀನಲ್ಲ.”

“ನಿಮ್ಮದು ನಿಮಗ ನಡಿಯೂದಿಲ್ಲ. ಡ್ಯೂಟಿ ಬದಲಾದ ಮ್ಯಾಲ ಬರ್ರಿ.”

ಡ್ಯೂಟಿ ಬದಲಾಗಲಿಲ್ಲ, ಹೊಟ್ಟೆ ಕಾಯಲಿಲ್ಲ. ಒಂದು ಬೆಳಿಗ್ಗೆ ಮತ್ತೆ ಅದೇ ಟೇಬಲ್ಲಿನ ಮುಂದೆ ನಿಂತಾಗ ಅಕ್ಕನಿಗೆ ಬೇನೆ ಶುರುವಾಯಿತು. ಆಸರೆಗೆ ಅಂತ ಕೈ ಚಾಚಿದಳು, ಸಿಕ್ಕಿದ್ದು ಸಾಹೇಬರ ಮಣಿಕಟ್ಟು. ಹಿಡಿದವಳು ಬಿಡಲಿಲ್ಲ. ಬಿಡಿಸಲು ನನ್ನಿಂದ ಆಗಲಿಲ್ಲ, ಖರೆ ಹೇಳಬೇಕೆಂದರೆ ಭಾಳ ಪ್ರಯತ್ನವನ್ನೂ ಮಾಡಲಿಲ್ಲ. ಅಕ್ಕನನ್ನು ಕೂರಿಸಿದ ಗಾಲಿಕುರ್ಚಿ ಮುಂದೆ, ಬಗ್ಗಿದ ಸಾಹೇಬರು ಅದರ ಪಕ್ಕಕ್ಕೆ ಓಡುತ್ತ. ಬೇನೆ ಬಂದಾಗೊಮ್ಮೆ ಅಕ್ಕ ಹಲ್ಲು ಕಚ್ಚಿ ತಿರುವುತ್ತಿದ್ದಳು, ಸಾಹೇಬರು “ಅಯ್ಯಯ್ಯೋ, ಮೇಲೋ ರೇ, ಸತ್ತೆ!” ಅಂತ ಎರಡೂ ಭಾಷೆಯಲ್ಲಿ ಚೀರುತ್ತಿದ್ದರು. ಹೆರಿಗೆ ಕೋಣೆಯ ಬಾಗಿಲಲ್ಲಿ ಸಿಸ್ಟರ್ ಗಾಬರಿಯಾಗಿ ಕೇಳಿದರು: “ಬ್ಯಾನಿ ಯಾರಿಗ್ರಿ?”

ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಆರಾಮ. ಮರುದಿನ ನಾನು ಅರ್ಜಿ ತೆಗೆದುಕೊಂಡು ಹೋದೆ. ಸಾಹೇಬರ ಬಲಗೈಗೆ ಬ್ಯಾಂಡೇಜು.

“ಈಗ ಆಗೂದಿಲ್ಲ ಮ್ಯಾಡಮ್. ಅರ್ಜಿ ಬಸುರಿ ಇದ್ದಾಗ ಕೊಡಬೇಕು. ಈಗ ಅವರು ಬಸುರಿ ಎಲ್ಲದಾರ?”

ನನ್ನ ಸಿಟ್ಟು ನೆತ್ತಿಗೇರಿತು. ಏನಂದೆನೋ ಅದನ್ನು ಇಲ್ಲಿ ಬರೆಯಲಾರೆ. ಅರ್ಧ ತಾಸಿನಲ್ಲಿ ಡ್ಯೂಟಿ ಮೇಲೆ ಇಲ್ಲದ ರೆಸಿಡೆಂಟುಗಳೆಲ್ಲ ಡೀನ್ ಸಾಹೇಬರ ಏಸಿ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದೆವು. ಅಕ್ಕನೂ ಗಾಲಿಕುರ್ಚಿಯಲ್ಲಿ ಕೂಸು ಎತ್ತಿಕೊಂಡು ಬಂದಳು. ನಮಗೆ ಘೋಷಣೆ ಕೂಗುವ ಕೆಲಸವೇ ಬೀಳಲಿಲ್ಲ. ಕೂಸು ತಾರಕದಲ್ಲಿ ಶುರು ಮಾಡಿತು, ಡೀನ್ ಸಾಹೇಬರು ಕಿವಿ ಮುಚ್ಚಿಕೊಂಡೇ ಕ್ಲಾರ್ಕ್ ಸಾಹೇಬರನ್ನು ಕರೆಸಿ ಬೈದು, ನಿಂತ ಕಾಲಿನಲ್ಲಿ ಸೂಟಿ ಮಂಜೂರು ಮಾಡಿದರು.

ಹೊರಗೆ ಬಂದ ಮೇಲೆ ಕ್ಲಾರ್ಕ್ ಸಾಹೇಬರು ಅಕ್ಕನ ಹತ್ತಿರ ಬಂದು, ಮನಸ್ಸು ದೊಡ್ಡದು ಮಾಡಿಕೊಂಡವರಂತೆ ಹೇಳಿದರು: “ಸಿಟ್ಟಾಗಬ್ಯಾಡ್ರಿ ಮ್ಯಾಡಮ್. ಮುಂದಿನ ಸಲ ಸ್ವಲ್ಪ ಲಗೂ ಬಂದು ಅರ್ಜಿ ಕೊಡ್ರಿ, ಅಷ್ಟs.”

ಅಕ್ಕ ಕೂಸನ್ನು ನನ್ನ ಕೈಗೆ ಕೊಟ್ಟಳು. ತೋಳು ಏರಿಸಿದಳು. “ಮುಂದಿನ ಸಲ ಯಾಕ್ರಿ ಸಾಹೇಬ್ರ? ಈಗs ಕೊಡ್ತೀನಿ. ಆ ಎಡಗೈ ಒಂಚೂರು ಇಲ್ಲಿ ಚಾಚ್ರಿ.”